ಅತ್ತೆಗೊಂದು ಬಡಿಗಿ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಕುಲಗೋಡದಲ್ಲಿ ಯಾರನ್ನು ಕೇಳಿದರೂ ಅವರು ಹೇಳಿಯೇ ಹೇಳುತ್ತಾರೆ. ಹುಕ್ಕೇರಿಯ ಪೇಟೆಯಲ್ಲಿ ಹುಟ್ಟಿ ಬೆಳೆದ ನಾನು ಈ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತೆಂಟು ವರ್ಷವಾಯಿತು. ಅಷ್ಟೂ ವರ್ಷ ಇಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದ್ದೇನೆ, ಮನೆಯಲ್ಲಿ ಅತ್ತೆಯ ಜೊತೆ ಜಗಳವಾಡಿದ್ದೇನೆ. ಎರಡನ್ನೂ ರಜೆ ಹಾಕದೆ ಮಾಡಿದ್ದೇನೆ. ಈ ಸಿಟ್ಟು ಇಲ್ಲದಿದ್ದರೆ ಬಡಿಗಿ ಮಾಡುವ ಉಸಾಬರಿಗೆ ನಾನು ಹೋಗುತ್ತಲೇ ಇರಲಿಲ್ಲ.

ಹೋದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಅತ್ತೆ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದರು. ವಯಸ್ಸು ಎಪ್ಪತ್ತೊಂಬತ್ತು. ಗೋಕಾಕದ ಡಾಕ್ಟರು ಎಕ್ಸ್‌ರೇ ತೆಗೆಸಿ, ಸೊಂಟದ ಎಲುಬು ಒಂದಿಷ್ಟು ಸೀಳಿದೆ, ತಾನೇ ಕೂಡಿಕೊಳ್ಳುತ್ತದೆ ಎಂದರು. ಒಂದೂವರೆ ತಿಂಗಳು ಹಾಸಿಗೆಯಾಯಿತು. ಮತ್ತೆ ತೋರಿಸಲು ಹೋದಾಗ ಡಾಕ್ಟರು ನನ್ನನ್ನು ಬದಿಗೆ ಕರೆದರು.

"ನೋಡ್ರಿ ಅಕ್ಕೋರ, ಇನ್ನ ಮ್ಯಾಲೆ ಅವರ ಕೈಯಾಗ ಬಡಿಗಿ ಇರಾಕಬೇಕು. ಇನ್ನೊಮ್ಮಿ ಬಿದ್ರಂದ್ರ ಹಾಸಿಗಿ ಬಿಟ್ಟು ಏಳೂದಿಲ್ಲ."

ನಮ್ಮ ಕಡೆ ಊರುಗೋಲಿಗೂ ಬಡಿಗಿ ಎನ್ನುತ್ತೇವೆ. ದನಕ್ಕೆ ಬೀಸುವುದಕ್ಕೂ, ಜಗಳದಲ್ಲಿ ಎದುರಿನವನ ಬೆನ್ನಿಗೆ ಬೀಳುವುದಕ್ಕೂ ಅದೇ ಮಾತು. ಇದರಿಂದ ಮುಂದೆ ನನಗಾದ ಅವಾಂತರ ಅಷ್ಟಿಷ್ಟಲ್ಲ.

ಅತ್ತೆ ಡಾಕ್ಟರ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಬಡಿಗಿ ಹಿಡಿಯಾಕ ನಾ ಏನ್ ಮುದುಕಿ ಏನ?" ಎಂದರು. ಗೋಡೆ ಹಿಡಿದು ನಡೆಯಲು ಶುರು ಮಾಡಿದರು. ಪಡಸಾಲೆಯ ಗೋಡೆ, ಆಮೇಲೆ ಕಂಬ, ಆಮೇಲೆ ಕಂಪೌಂಡಿನ ಗೋಡೆ, ಹೀಗೆ ಗೇಟಿನ ತನಕ ಬರುತ್ತಿದ್ದರು. ಅಲ್ಲಿಗೆ ಗೋಡೆ ಮುಗಿಯುತ್ತಿತ್ತು. ಗೇಟಿನಾಚೆ ಬಯಲು, ಬಯಲಿನಾಚೆ ಬಸವಣ್ಣನ ಗುಡಿ. ಲೆಕ್ಕ ಹಾಕಿದರೆ ನಲವತ್ತು ಹೆಜ್ಜೆ. ಆ ಗುಡಿಯ ಕಟ್ಟೆಯ ಮೇಲೆ ಸಂಜೆಯಾದರೆ ಅತ್ತೆಯ ಓರಗೆಯ ಐದಾರು ಹೆಂಗಸರು ಕೂಡುತ್ತಾರೆ. ಬೀಳುವ ಮುಂಚೆ ಅತ್ತೆ ಒಂದು ಸಂಜೆಯೂ ತಪ್ಪಿಸಿದವರಲ್ಲ. ಈಗ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂಡುತ್ತಿದ್ದರು. ಕೇಳಿದರೆ, "ಅಲ್ಲೇನ ಐತಿ ಬೇ, ಬರೇ ಹರಟಿ" ಎನ್ನುತ್ತಿದ್ದರು. ಆದರೆ ಕಟ್ಟೆಯ ಮೇಲೆ ನಗೆಯೆದ್ದಾಗ ಅವರ ಕುತ್ತಿಗೆ ತಾನಾಗಿ ಆ ಕಡೆ ಉದ್ದವಾಗುತ್ತಿತ್ತು. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಸಂಕಟವಾದಾಗ ನನಗೆ ಬರುವುದು ಸಿಟ್ಟು.

ನಮ್ಮ ಮನೆಯವರು ಶಾಂತ ಮನುಷ್ಯ. ಕಬ್ಬಿನ ಹೊಲ ಬಿಟ್ಟರೆ ಬೇರೆ ಯಾವುದಕ್ಕೂ ತಲೆ ಕೆಡಿಸಿಕೊಳ್ಳುವವರಲ್ಲ. ಅವರು ಗೋಕಾಕದ ಔಷಧಿ ಅಂಗಡಿಯಿಂದ ನಾಲ್ಕು ಕಾಲಿನ ಅಲ್ಯೂಮಿನಿಯಂ ಕೋಲು ತಂದರು. ಅತ್ತೆ ಅದನ್ನು ಮೇಲಿಂದ ಕೆಳಗೆ ನೋಡಿದರು.

"ಇದಕ್ಕ ನಾಕ ಕಾಲು. ನನಗ ಎರಡ. ಕೂಡಿಸಿದ್ರ ಆರು. ನಾ ಏನ್ ಇರಿವಿ ಏನೋ?"

ಮರುದಿನ ಅದರ ಮೇಲೆ ಅತ್ತೆಯ ಒದ್ದೆ ಟವೆಲ್ ಒಣಗುತ್ತಿತ್ತು. ಮನೆಯವರು, "ಬಿಡ ಅತ್ತಾಗ, ಅಕಿಗೆ ಬ್ಯಾಡಂದ್ರ ಬ್ಯಾಡ" ಎಂದು ಹೊಲಕ್ಕೆ ಹೋದರು. ಬಿಡುವುದು ನನ್ನ ಜಾಯಮಾನವೇ ಅಲ್ಲ. ಆಸ್ಪತ್ರೆಯ ಸಾಮಾನಿನಂತೆ ಕಾಣುವುದನ್ನು ಯಾರು ತಾನೇ ಹಿಡಿದಾರು, ಕಟ್ಟಿಗೆಯದು ಕೊಟ್ಟರೆ ಹೇಗೆ ಹಿಡಿಯುವುದಿಲ್ಲವೋ ನೋಡಿಯೇ ಬಿಡೋಣ ಎಂದು, ಆ ಭಾನುವಾರವೇ ಸ್ಕೂಟಿ ಹತ್ತಿ ಮೂಡಲಗಿಗೆ ಹೋದೆ.

ಮೂಡಲಗಿಯಲ್ಲಿ ನಮ್ಮ ಮನೆಯ ಬಾಗಿಲು, ಮಂಚ ಎಲ್ಲ ಮಾಡಿಕೊಟ್ಟ ಒಬ್ಬ ಮುಸಲ್ಮಾನ ಕಾಕಾ ಇದ್ದಾರೆ. ಅವರ ಅಜ್ಜನ ಕಾಲದಿಂದಲೂ ಬಡಿಗತನ. ಒಂದು ಬಡಿಗಿ ಮಾಡಿಕೊಡಿ ಎಂದೆ. ಕಾಕಾ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನನ್ನ ಕಡೆ ತೋರಿಸಿದರು.

"ಅಕ್ಕೋರ, ಹಲಗಿ ಕೊಯ್ದು ಮಾಡಿದ ಬಡಿಗಿ ಬಡಿಗಿ ಅಲ್ರಿ. ಅದು ಯಾವಾಗರ ಒಮ್ಮಿ ನಡಕ್ಕ ಮುರದು ಕೈ ಕೊಡತೈತಿ. ಬಡಿಗಿ ಅಂದ್ರ ಗಿಡದಾಗ ಬಡಿಗಿ ಆಗೇ ಹುಟ್ಟಿರಬೇಕು. ನೀವೇ ಹುಡುಕಿ ತರ್ರಿ."

"ಯಾವ ಗಿಡದ್ದು?"

"ಬೇವು ಹಗರ, ಹುಳಾ ಹತ್ತೂದಿಲ್ಲ, ಆದ್ರ ಹಿರೇ ಮನಿಷ್ಯಾಳ ಭಾರ ತಾಳೂದಿಲ್ಲ. ಜಾಲಿ ಗಟ್ಟಿ, ಆದ್ರ ವಜ್ಜಿ, ಅವರ ಕೈ ಸೋತೀತು. ಬಾರಿ ಗಿಡದ್ದು ಸಿಕ್ರ ಬೆಸ್ಟ್. ಎರಡು ಬೆರಳು ದಪ್ಪ ಇರ್ಲಿ, ನಡಕ್ಕ ಟೊಂಗಿ ಒಡದಿರಬಾರದು, ಹುಳದ ತೂತು ಇರಬಾರದು. ತಂದು ಆರು ತಿಂಗಳ ನೆರಳಾಗ ಒಣಗಸ್ರಿ. ತೊಗಟಿ ತೆಗೀಬ್ಯಾಡ್ರಿ. ಎರಡೂ ತುದಿಗೆ ಸಗಣಿ ಮೆತ್ತರಿ, ಇಲ್ಲಂದ್ರ ಸೀಳತೈತಿ. ಅವಸರ ಮಾಡಿದ್ರ ಕೆಡತೈತಿ. ನೀವು ಸಾಲಿ ಕಲಸಾವ್ರು, ನಿಮಗ ತಾಳ್ಮಿ ಇರತೈತಿ ಬಿಡ್ರಿ."

ಕಾಕಾನಿಗೆ ನನ್ನ ಪರಿಚಯ ಅಷ್ಟಾಗಿ ಇಲ್ಲವೆಂದು ಆಗ ಗೊತ್ತಾಯಿತು.

ಅಂದಿನಿಂದ ನನ್ನ ಕಣ್ಣು ಗಿಡಗಳ ಮೇಲೆ ಬಿತ್ತು. ಅಲ್ಲಿಯವರೆಗೆ ನನಗೆ ಗಿಡವೆಂದರೆ ನೆರಳು, ಅಷ್ಟೇ. ಈಗ ಶಾಲೆಗೆ ಹೋಗುವಾಗ, ಬರುವಾಗ ಸ್ಕೂಟಿ ನಿಲ್ಲಿಸಿ ಟೊಂಗೆಗಳನ್ನು ಕೆಕ್ಕರಿಸಿ ನೋಡುತ್ತ ನಿಲ್ಲುತ್ತಿದ್ದೆ. ಒಮ್ಮೆ ಮೇಲವಂಕಿಯ ಹಾದಿಯಲ್ಲಿ ಒಬ್ಬರ ಹೊಲದ ಬದುವಿನ ಮೇಲೆ ಒಂದು ಟೊಂಗೆ ಬಹಳ ಹಿಡಿಸಿತು. ಅದರ ಕೆಳಗೆ ನಿಂತು ಎರಡು ಬೆರಳು ಹಿಡಿದು ದಪ್ಪ ನೋಡುತ್ತಿದ್ದೆ. ಹೊಲದ ಯಜಮಾನ ಓಡುತ್ತ ಬಂದ. "ಏನ್ರಿ ಅಕ್ಕೋರ, ಜನಗಣತಿ ಈಗ ಗಿಡಗಳದ್ದೂ ಬಂತೇನ್ರಿ?" ಎಂದು ಕೇಳಿದ. ಹೌದೆಂದು ಹೇಳಿ ಸ್ಕೂಟಿ ಹತ್ತಿದೆ. ಆ ಮನುಷ್ಯ ಈಗಲೂ ಸಿಕ್ಕಾಗ, "ನಮ್ಮ ಗಿಡದ ಹೆಸರು ಬರಕೊಂಡೀರಿಲ್ರಿ?" ಎನ್ನುತ್ತಾನೆ.

ಕೊನೆಗೆ ಬೇಕಾದದ್ದು ಸಿಕ್ಕಿದ್ದು ಕಾಲುವೆಯ ಪಕ್ಕದಲ್ಲಿ. ಮಳೆಗಾಲಕ್ಕೆ ಮುಂಚೆ ಲೈನ್‌ಮನ್‌ಗಳು ಕರೆಂಟಿನ ತಂತಿಗೆ ತಾಗುವ ಟೊಂಗೆಗಳನ್ನೆಲ್ಲ ಕಡಿದು ರಾಶಿ ಹಾಕಿದ್ದರು. ಯಾವ ಟೊಂಗೆಗೂ ಎಲೆಯಿರಲಿಲ್ಲ, ಯಾವುದು ಯಾವ ಗಿಡದ್ದೆಂದು ಆ ಕಡಿದವರಿಗೂ ಗೊತ್ತಿರಲಿಕ್ಕಿಲ್ಲ. ಆ ರಾಶಿಯಲ್ಲಿ ಒಂದು ಟೊಂಗೆ ನೆಟ್ಟಗೆ, ಎರಡು ಬೆರಳು ದಪ್ಪ, ಮೇಲ್ತುದಿಯಲ್ಲಿ ಕೈಯಿಡಲೆಂದೇ ಬಾಗಿದಂತೆ ಇತ್ತು. ಮೈಮೇಲೆ ಮುಳ್ಳು. ಬಾರಿ ಗಿಡಕ್ಕೆ, ಅಂದರೆ ಬೋರೆಗೆ, ಮುಳ್ಳಿರುತ್ತದೆ, ಇದಕ್ಕೂ ಮುಳ್ಳಿದೆ, ಆದ್ದರಿಂದ ಇದು ಬಾರಿ. ಇಷ್ಟೇ ನನ್ನ ವಿಚಾರಣೆ. ಯಾವುದಾದರೂ ಮಗು ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ನಾನು ಸೊನ್ನೆ ಸುತ್ತುತ್ತಿದ್ದೆ. ಹುಕ್ಕೇರಿ ಪೇಟೆಯಲ್ಲಿ ಬೆಳೆದ ನನಗೆ ಬಾರಿ ಗೊತ್ತಿದ್ದದ್ದು ಬುಟ್ಟಿಯಲ್ಲಿಟ್ಟು ಉಪ್ಪುಖಾರ ಹಚ್ಚಿ ಮಾರುವ ಹಣ್ಣಾಗಿ ಮಾತ್ರ. ಖುಷಿಯಿಂದ ಅದನ್ನು ಸ್ಕೂಟಿಗೆ ಕಟ್ಟಿಕೊಂಡು ಮನೆಗೆ ತಂದೆ.

ಅಳತೆ ತೆಗೆದುಕೊಳ್ಳುವುದೇ ಪಂಚಾಯತಿಯಾಯಿತು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನಿಂದ ನೆಲದ ತನಕ ಎಷ್ಟೋ ಅಷ್ಟು ಉದ್ದ ಎಂದು ಕಾಕಾ ಹೇಳಿದ್ದರು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಗ ನಾನು ಹಿಂದಿನಿಂದ ಮೆಲ್ಲಗೆ ಟೇಪ್ ಇಳಿಬಿಟ್ಟೆ. ತಿರುಗಿ ನೋಡಿಯೇ ಬಿಟ್ಟರು.

"ಯಾಕ ಬೇ ನನ್ನ ಅಳತಿ? ಕುಣಿ ತಗಸಾಕತ್ತೀ ಏನ?"

ನಮ್ಮಲ್ಲಿ ಸತ್ತವರನ್ನು ಕುಣಿ ತೋಡಿ ಕೂಡಿಸಿ ಮಣ್ಣು ಮಾಡುತ್ತಾರೆ. ನನಗೆ ಸಿಟ್ಟು ನೆತ್ತಿಗೇರಿತು. "ಕುಣಿಗೆ ಕುಂತಾಗಿನ ಅಳತಿ ಬೇಕ್ರಿ ಅತ್ತೀ, ನಿಂತಾಗಿಂದಲ್ಲ! ಸುಮ್ಕ ನಿಂದರ್ರಿ!" ಎಂದೆ. ಅತ್ತೆ ಒಂದು ಕ್ಷಣ ಯೋಚಿಸಿ, ಅದೂ ಖರೆ ಎನ್ನುವಂತೆ ತಲೆಯಾಡಿಸಿ ಸುಮ್ಮನೆ ನಿಂತರು.

ಟೊಂಗೆಯನ್ನು ಒಂದು ಗೇಣು ಹೆಚ್ಚೇ ಇಟ್ಟು ಕತ್ತರಿಸಿದೆ. ಎರಡೂ ತುದಿಗೆ ಸಗಣಿ ಮೆತ್ತಿ, ಹಿತ್ತಲಲ್ಲಿ ದನ ಕಟ್ಟುವ ಚಪ್ಪರದ ಅಡ್ಡಗಳಕ್ಕೆ ಇಳಿಬಿಟ್ಟು, ಬಾಗಬಾರದೆಂದು ತುದಿಗೆ ಒಂದು ಕಲ್ಲು ಕಟ್ಟಿದೆ. ಆಮೇಲೆ ಮಾಡುವುದೇನೂ ಇರಲಿಲ್ಲ, ಕಾಯುವುದೊಂದೇ. ದಿನಾ ಶಾಲೆಯಿಂದ ಬಂದವಳೇ ಹಿತ್ತಲಿಗೆ ಹೋಗಿ ಬೆರಳಿಂದ ತಟ್ಟಿ ನೋಡುತ್ತಿದ್ದೆ. ಹಸಿಯಿದ್ದಾಗ ದಬ್ ಎನ್ನುತ್ತಿದ್ದದ್ದು ದಸರೆ ಹೊತ್ತಿಗೆ ಟಣ್ ಎನ್ನತೊಡಗಿತು. ಮಳೆಗಾಲದಲ್ಲಿ ಬೂಸಲು ಬಂತು, ಬೂದಿ ಹಚ್ಚಿ ಒರೆಸಿದೆ. ಒಂದು ಸಲ ಕೂದಲೆಳೆಯಷ್ಟು ಸೀಳು ಕಂಡು ಟಾರ್ಚ್ ತರಲು ಒಳಗೆ ಓಡಿದೆ. ನೋಡಿದರೆ ಅದು ತೊಗಟೆಯ ಸೀಳು. ನಮ್ಮ ಮನೆಯವರು, "ನನಗ ಜ್ವರಾ ಬಂದಾಗೂ ನೀ ಇಷ್ಟು ಸಲ ಮುಟ್ಟಿ ನೋಡಿಲ್ಲ" ಎಂದರು. ಖರೆಯೇ ಅದು.

ದೀಪಾವಳಿ ರಜೆಯಲ್ಲಿ ತೊಗಟೆ ತೆಗೆದೆ. ಸಗಣಿ ಕುಳ್ಳಿನ ಕೆಂಡದ ಮೇಲೆ ಹಿಡಿದು ಬಿಸಿ ಮಾಡಿ, ಅಲ್ಲಲ್ಲಿ ಇದ್ದ ಸೊಟ್ಟವನ್ನು ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಿದೆ. ಅಂಗೈ ಸುಟ್ಟಿತು. ಆಮೇಲೆ ಒಡೆದ ಬಾಟಲಿಯ ಗಾಜಿನಿಂದ ಕೆರೆದು ನುಣುಪು ಮಾಡುತ್ತ ಕೂತಿದ್ದಾಗ ಹಿತ್ತಲ ಗೋಡೆಯ ಮೇಲೆ ಪಕ್ಕದ ಮನೆಯಾಕೆಯ ತಲೆ ಕಾಣಿಸಿಕೊಂಡಿತು.

"ಏನ್ರಿ ಅಕ್ಕೋರ ಅದು?"

"ಬಡಿಗಿರಿ."

"ಯಾರಿಗ್ರಿ?"

"ನಮ್ಮ ಅತ್ತಿಗ್ರಿ."

ತಲೆ ಇಳಿದು ಹೋಯಿತು. ಅಷ್ಟೇ ಮಾತು. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಸುದ್ದಿ: ಅಕ್ಕೋರು ಅತ್ತೆಗೆ ಬಡಿಗಿ ತಯಾರು ಮಾಡಾಕತ್ತಾರ, ಗಾಜಿನಿಂದ ತೀಡಾಕತ್ತಾರ. ಇಪ್ಪತ್ತೆಂಟು ವರ್ಷ ತಡಕೊಂಡಾರ, ಇನ್ನ ಆಗವಲ್ದು. ಸಂಜೆ ಹುಕ್ಕೇರಿಯಿಂದ ನನ್ನ ತಾಯಿಯ ಫೋನು ಬಂತು, ದನಿಯಲ್ಲಿ ಅಳು. "ಯವ್ವಾ, ಏನ ನಡಸೀ ನೀ? ಹಿರೇ ಜೀವಕ್ಕ ಬಡಿಗಿ ತೊಗೊಂಡೀಯಂತ? ನಿನಗ ನಾ ಇದನ್ನ ಕಲಸೇನೇನ?" ಊರುಗೋಲು, ಊರುಗೋಲು ಎಂದು ಐದು ಸಲ ಕೂಗಿ ಹೇಳಬೇಕಾಯಿತು.

ಗುಡಿಯ ಕಟ್ಟೆಯ ಹೆಂಗಸರು ಅತ್ತೆಯನ್ನು ಮಾತಾಡಿಸಲು ಮನೆಗೇ ಬಂದರು. ಬಿದ್ದಾಗ ಬಂದದ್ದು ಬಿಟ್ಟರೆ ಅಷ್ಟು ಮಂದಿ ಒಟ್ಟಿಗೆ ಬಂದದ್ದು ಇದೇ. ಅತ್ತೆಗೆ ಆ ಬಡಿಗಿ ಯಾತಕ್ಕೆಂದು ಚೆನ್ನಾಗಿ ಗೊತ್ತಿತ್ತು. ಆದರೆ ಸೆರಗಿನ ತುದಿಯನ್ನು ಕಣ್ಣಿಗೆ ಹಚ್ಚಿ, "ಏನ್ ಮಾಡೂದವಾ, ಹಿತ್ತಲದಾಗ ಕುಂತು ತೀಡಾಕತ್ತಾಳ. ತಯಾರಾದ ಮ್ಯಾಲೆ ನೋಡೂಣು" ಎಂದರು. ನಾನು ಅಲ್ಲೇ ಟ್ರೇ ಹಿಡಿದು ಚಹಾ ಕೊಡುತ್ತಿದ್ದೆ. ಎಲ್ಲರೂ ನನ್ನನ್ನು ನೋಡುತ್ತ ಚಹಾ ಕುಡಿದರು. ಮೈಯೆಲ್ಲ ಉರಿಯಿತು. ಅತ್ತೆ ಮಾತ್ರ ಅಂದು ರಾತ್ರಿ ಒಂದು ರೊಟ್ಟಿ ಹೆಚ್ಚು ಉಂಡರು.

ಮುಂದಿನ ಭಾನುವಾರ ಅದನ್ನು ಮೂಡಲಗಿಗೆ ಒಯ್ದೆ. ಕಾಕಾ ಕೈಯಲ್ಲಿ ಹಿಡಿದರು, ತಿರುಗಿಸಿದರು, ಮೂಗಿನ ಹತ್ತಿರ ತಂದರು, ನನ್ನ ಮುಖ ನೋಡಿದರು. ಏನೂ ಹೇಳದೆ ಚಪ್ಪಲಿ ಬಿಚ್ಚಿ ಬದಿಗಿಟ್ಟು ಕೆಲಸಕ್ಕೆ ಕೂತರು. ಚಪ್ಪಲಿಯಲ್ಲಿ ಕಟ್ಟಿಗೆಯ ಸಿಬಿರು ಹೊಕ್ಕಿರಬೇಕು ಎಂದುಕೊಂಡೆ. ಹೆಚ್ಚಿನ ಉದ್ದ ಕೊಯ್ದು, ಹಿಡಿಕೆ ಕೆತ್ತಿ, ಕೆಳತುದಿಗೆ ಜಾರದಂತೆ ರಬ್ಬರ್ ಹಾಕಿಕೊಟ್ಟರು. ಮನೆಗೆ ತಂದು ಮೂರು ದಿನ ಕುಸುಬಿ ಎಣ್ಣೆ ತಿಕ್ಕಿದೆ. ಬಣ್ಣ ಜೇನಿನಂತೆ ಬಂತು. ನಾನು ಇಷ್ಟು ವರ್ಷದಲ್ಲಿ ಕೈಯಾರೆ ಮಾಡಿದ ವಸ್ತುಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ.

ನಾಲ್ಕನೆಯ ದಿನ ಅತ್ತೆಯ ಕೈಗೆ ಕೊಟ್ಟೆ. ಬೇಡವೆನ್ನಲು ಬಾಯಿ ತೆರೆದಿದ್ದರು, ಆದರೆ ಬೆರಳು ಆಗಲೇ ಹಿಡಿಕೆಯ ಸುತ್ತ ಕೂತಿದ್ದವು. ಹಿಡಿಸಿತು! ಅವರ ಮುಖದಲ್ಲಿ ನಾನು ನೋಡಿದೆ. ನನ್ನ ಜೀವ ಹಗುರಾಯಿತು. ಅಷ್ಟರಲ್ಲಿ ಅವರ ಹೆಬ್ಬೆರಳು ಹಿಡಿಕೆಯ ಕೆಳಗೆ, ಮುಳ್ಳು ಕೆತ್ತಿದ ಗುರುತಿನ ಮೇಲೆ ನಿಂತಿತು. ಮೂಸಿ ನೋಡಿದರು.

"ಇದ್ಯಾವ ಗಿಡಾ ಬೇ?"

"ಬಾರಿರಿ."

"ಅಯ್ಯ ನನ್ನ ಶಿವನ! ಯಾವ ಬಾರಿ? ಪತ್ರಿ ಇದು! ಪತ್ರಿ ಗಿಡಾ!"

ದಿನಾ ಲಿಂಗಪೂಜೆಗೆ ಏರಿಸುವ ಬಿಲ್ವಪತ್ರೆಯ ಗಿಡ. ಅರವತ್ತು ವರ್ಷ ಮುಳ್ಳು ಚುಚ್ಚಿಸಿಕೊಂಡು ಆ ಎಲೆ ಹರಿದ ಕೈ ಅತ್ತೆಯದು. ಆ ಕೈಗೆ ಸುಳ್ಳು ಹೇಳುವವರು ಯಾರು? ನಾನು ಕಾಕಾನಿಗೆ ಫೋನು ಹಚ್ಚಿ ಒದರಾಡಿದೆ.

"ನಿಮಗ ಗೊತ್ತಾಗಿತ್ತಲ್ರಿ? ಯಾಕ ಹೇಳಲಿಲ್ಲ?"

"ನೀವು ಬೇಕಂತ ದೇವರ ಕಟ್ಟಿಗಿ ತಂದೀರಿ ಅಂತ ತಿಳಕೊಂಡೆ ಅಕ್ಕೋರ. ಅದಕ್ಕ ಚಪ್ಪಲ್ ಬಿಚ್ಚಿ ಕುಂತು ಕೆತ್ತೇನ್ರಿ ನಾನು" ಎಂದರು ಕಾಕಾ, ಬೇಸರದ ದನಿಯಲ್ಲಿ.

ಬಡಿಗಿ ದೇವರ ಕೋಣೆ ಸೇರಿತು. ಅತ್ತೆ ಅದಕ್ಕೆ ಮೂರು ಬೆರಳು ವಿಭೂತಿ ಎಳೆದು, ಮೂಲೆಯಲ್ಲಿ ನಿಲ್ಲಿಸಿ, ಒಂದು ಚೆಂಡು ಹೂವು ಸಿಕ್ಕಿಸಿದರು. "ಶಿವಗ ಏರಸೂ ಗಿಡಾ. ಅದನ್ನ ಕೆಸರಾಗ, ಸಗಣ್ಯಾಗ ಊರಲೇನು? ಆ ಪಾಪಾ ನನಗ ಬ್ಯಾಡ" ಎಂದರು. ಮತ್ತೆ ಗೋಡೆ, ಮತ್ತೆ ಪ್ಲಾಸ್ಟಿಕ್ ಕುರ್ಚಿ. ನಮ್ಮ ಮನೆಯವರು ದೇವರ ಕೋಣೆಗೆ ಹೋಗಿ ಬಂದು, "ಹೊಸಾ ದೇವರು ಭಾಳ ತೆಳ್ಳಗ ಅದಾರ" ಎಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಅತ್ತೆಯ ಮುಂದೆ ಬಾಯಿ ಬಡಿದುಕೊಂಡೆ: "ಅತ್ತೀ, ಅದು ಪೂಜಿ ಮಾಡಸ್ಕೊಂಡು ನಿಂತೈತಿ, ನೀವು ಕುಂತೀರಿ! ನಿಮಗ ನಡಸಾಕ ಮಾಡಿದ್ದು ಅದನ್ನ!" ಕೂಗಿದ ಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಏಳು ತಿಂಗಳು ಕಾದದ್ದಕ್ಕಲ್ಲ. ಈ ಮನುಷ್ಯಳು ಒಂದು ದಿನ ಗೋಡೆಯಿಂದ ಕೈ ತಪ್ಪಿ ಬೀಳುತ್ತಾಳೆ, ನಾನು ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿರುತ್ತೇನೆ ಎಂಬ ಹೆದರಿಕೆಗೆ.

ಸೋಮವಾರ ಸಂಜೆ ಅಯ್ಯನವರು ಬಂದರು. ಪೂಜೆ, ಮುಹೂರ್ತ ಎಲ್ಲಕ್ಕೂ ನಮ್ಮ ಮನೆಗೆ ಅವರೇ. ನಾನು ತಡಮಾಡದೆ ನ್ಯಾಯ ಅವರ ಮುಂದಿಟ್ಟೆ: ಪತ್ರಿ ಕಟ್ಟಿಗೆಯನ್ನು ಊರಬಹುದೋ ಊರಬಾರದೋ ಹೇಳಿಬಿಡಿ. ಅಯ್ಯನವರು ಬಡಿಗಿಯನ್ನು ಕೈಗೆ ತೆಗೆದುಕೊಂಡರು. ತೂಗಿ ನೋಡಿದರು. ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ಒಮ್ಮೆ ನಡೆದರು. ಕನ್ನಡಿಯ ಮುಂದೆ ನಿಂತರು.

"ಭಾಳ ಚಲೋ ಆಗೇತಿ" ಎಂದರು. "ಆದ್ರ ಸಂಸಾರಸ್ಥರು ಇದನ್ನ ನೆಲಕ್ಕ ಊರಬಾರದು ತಾಯಿ. ಮನ್ಯಾಗ ಇಟ್ರ ಮಡಿ ಮೈಲಗಿ ಅಂತ ನಿಮಗೂ ತ್ರಾಸು. ನಮ್ಮಂಥವರ ಕೈಯಾಗ ಇದ್ರ ಶೋಭಾ."

ಅತ್ತೆ ಜೀವನದಲ್ಲಿ ಅಯ್ಯನವರಿಗೆ ಇಲ್ಲ ಎಂದವರಲ್ಲ. ತಲೆ ತಗ್ಗಿಸಿ ಹೂಂ ಎಂದರು. ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನುಂಗಿಕೊಂಡದ್ದು ನನಗೇ ಆಶ್ಚರ್ಯ. ಅಯ್ಯನವರ ಬೈಕು ಬಯಲಿನಾಚೆ ಗುಡಿಯ ನೆರಳಲ್ಲಿ ನಿಂತಿತ್ತು. ಅವರು ಗೇಟು ದಾಟಿ ಬಯಲಿಗಿಳಿದರು. ಅತ್ತೆ ಗೋಡೆ ಹಿಡಿದು ಗೇಟಿನ ತನಕ ಬಂದು ನೋಡುತ್ತ ನಿಂತರು.

ಅಯ್ಯನವರು ಬಡಿಗಿಯನ್ನು ನೆಲಕ್ಕೆ ಊರಿದರು. ಮತ್ತೆ ಊರಿದರು. ಹೆಜ್ಜೆಗೊಮ್ಮೆ, ಗತ್ತಿನಿಂದ.

"ಊರಾಕತ್ತಾರಲ್ಲ ಬೇ!" ಎಂದರು ಅತ್ತೆ. "ಏ ಊರಾಕತ್ತಾರ ನೋಡ! ಅಯ್ನಾರ! ಏ ಅಯ್ನಾರ! ನಿಂದರ್ರಿ!"

ಅತ್ತೆ ಗೇಟು ಬಿಟ್ಟಿದ್ದರು. ನನಗೆ ಅದು ತಿಳಿಯುವ ಹೊತ್ತಿಗೆ ಅವರು ಬಯಲಿನಲ್ಲಿ ಹತ್ತು ಹೆಜ್ಜೆ ಹೋಗಿಯಾಗಿತ್ತು, ಹದಿನೈದು, ಇಪ್ಪತ್ತು. ಸಿಟ್ಟಿನಲ್ಲಿ ನಡೆಯುತ್ತಿದ್ದರು. ಬಯಲಿನ ನಡುವೆ ಸಿಟ್ಟು ಇಳಿಯಿತು. ಸುತ್ತ ನೋಡಿದರು, ಹಿಡಿಯಲು ಏನೂ ಇರಲಿಲ್ಲ. ಎರಡೂ ಕೈ ಗಾಳಿಯಲ್ಲಿ ಚಾಚಿ ನಿಂತುಬಿಟ್ಟರು. ನಾನು ಓಡಿದೆ. ಅತ್ತ ಕಡೆಯಿಂದ ಅಯ್ಯನವರೂ ಪಂಚೆ ಎತ್ತಿ ಹಿಡಿದು ಓಡಿ ಬಂದರು. ಅವರೇ ಮೊದಲು ಮುಟ್ಟಿದರು. ಬೇರೆ ಏನು ಮಾಡಲೂ ತೋಚದೆ ಬಡಿಗಿಯನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಅದನ್ನು ಗಟ್ಟಿಯಾಗಿ ಹಿಡಿದು, ಮಣ್ಣಿಗೆ ಊರಿ, ಒಂದು ದೊಡ್ಡ ಉಸಿರು ಬಿಟ್ಟರು.

"ಇದು ನಂದ್ರಿ ಅಯ್ನಾರ" ಎಂದರು. "ನನ್ನ ಸೊಸಿ ಅಂಗೈ ಸುಟ್ಟಕೊಂಡು ಮಾಡ್ಯಾಳ. ಕೊಡಾಕ ಆಗೂದಿಲ್ರಿ. ನಿಮಗೂ ಒಂದ ಮಾಡಿಕೊಡ್ತಾಳ, ಏಳ ತಿಂಗಳ ತಡೀರ್ರಿ."

ನನ್ನ ಅಂಗೈ ಸುಟ್ಟದ್ದು ಅವರಿಗೆ ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಅಯ್ಯನವರು, "ಮೊದಲ ಹೇಳಬೇಕಿಲ್ಲೇನ್ ತಾಯಿ" ಎಂದು ನಗುತ್ತ ಕೈ ಮುಗಿದು ಬೈಕಿನ ಕಡೆ ನಡೆದರು.

ಹಿಂದೆ ಮನೆಗೆ ಇಪ್ಪತ್ತು ಹೆಜ್ಜೆ, ಮುಂದೆ ಗುಡಿಗೆ ಇಪ್ಪತ್ತು. ಅತ್ತೆ ಎರಡೂ ಕಡೆ ನೋಡಿ ಮುಂದಕ್ಕೆ ನಡೆದರು. ನಾನು ಮುಟ್ಟದೆ ಬದಿಯಲ್ಲಿ ನಡೆದೆ. ಕಟ್ಟೆಯ ಹೆಂಗಸರೆಲ್ಲ ಎದ್ದು ನಿಂತಿದ್ದರು. ಅವರು ಅತ್ತೆಯನ್ನು ನಡುವೆ ಕೂಡಿಸಿದ ಮೇಲೆ ನಾನು ಮನೆಗೆ ಹೊರಟೆ. ಆ ಕಟ್ಟೆಯ ಮೇಲೆ ಸೊಸೆಯಂದಿರು ಕೂಡುವ ಪದ್ಧತಿಯಿಲ್ಲ. ಅಲ್ಲಿ ನಡೆಯುವ ಮಾತೇ ಸೊಸೆಯಂದಿರದು.

"ಎಲ್ಲಿಗ ಹೊಂಟೀ?" ಎಂದರು ಅತ್ತೆ. ಆಮೇಲೆ ಪಕ್ಕದಾಕೆಯನ್ನು ಬಡಿಗಿಯಿಂದ ಮೆಲ್ಲಗೆ ತಿವಿದು, "ಸರಿ ಬೇ ಅತ್ತಾಗ. ನನ್ನ ಸೊಸಿ ಕುಂದರತಾಳ" ಎಂದರು.

ಕೂತೆ. ಕಣ್ಣು ತುಂಬಿ ಎದುರಿನದು ಏನೂ ಕಾಣಲಿಲ್ಲ. ಕಟ್ಟೆಯ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಪಾಪ, ನಾನು ಅಲ್ಲೇ ಕೂತಿರುವಾಗ ಅವರಾದರೂ ಏನು ಮಾತಾಡಿಯಾರು?